‘ಕೃತಕ ನೀಲ’ ಎಂಬ ಮಾತು ಸರಿಯೇ?

ತಂಗಿಯ ಮಗಳ ಮದುವೆಗೆಂದು ನೀಲಿ ಕಲ್ಲಿನ ಓಲೆ ಕೊಳ್ಳಲು ಕಳೆದ ತಿಂಗಳು ಮೈಸೂರಿನ ಅಶೋಕ ರಸ್ತೆಯ ಅಂಗಡಿಯೊಂದಕ್ಕೆ ಹೋದಾಗ ಹುಟ್ಟಿದ ಪ್ರಶ್ನೆಯಿದು. ಅಂಗಡಿಯವರು ಮಖಮಲ್ಲಿನ ತಟ್ಟೆಯಲ್ಲಿ ಮೂರು ಜೊತೆ ಓಲೆ ತಂದಿಟ್ಟರು. ಮೂರೂ ಒಂದೇ ಅಳತೆಯವು, ಮೂರೂ ಕಡುನೀಲಿ. ಒಂದರ ಕಲ್ಲು ಸಿಲೋನಿನದು (ಈಗಿನ ಶ್ರೀಲಂಕಾ), ಇನ್ನೊಂದರದು ಲ್ಯಾಬಿನಲ್ಲಿ ತಯಾರಾದದ್ದು, ಮತ್ತೊಂದರದು ಬರಿಯ ಗಾಜು. ಮೊದಲನೆಯದರ ಚೀಟಿಯಲ್ಲಿ ‘ಅಸಲಿ ನೀಲ’ ಎಂದು ಬರೆದಿತ್ತು. ಉಳಿದೆರಡರ ಚೀಟಿಯಲ್ಲೂ ‘ಕೃತಕ ನೀಲ’ ಎಂದೇ ಇತ್ತು. ಗುಣದಲ್ಲಿ ಯಾವ ಸಂಬಂಧವೂ ಇಲ್ಲದ ಎರಡು ವಸ್ತುಗಳಿಗೆ ಒಂದೇ ಹೆಸರು ಹೇಗೆ ಸಲ್ಲುತ್ತದೆ?

ವಿಷಯ ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ನೀಲವೂ (ಸಫೈರ್) ಕೆಂಪೂ (ಮಾಣಿಕ್ಯ) ಕುರಂದವೆಂಬ ಒಂದೇ ಖನಿಜದ ಬಗೆಗಳು. ಅದರಲ್ಲಿ ಕಬ್ಬಿಣ ಮತ್ತು ಟೈಟಾನಿಯಂ ಅಲ್ಪಸ್ವಲ್ಪ ಬೆರೆತರೆ ನೀಲ, ಕ್ರೋಮಿಯಂ ಬೆರೆತರೆ ಕೆಂಪು. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ ಅವರು ಕುರಂದದ ಮೂಲವಸ್ತುವಾದ ಅಲ್ಯುಮಿನದ ಪುಡಿಯನ್ನು ಉರಿಯ ಮೂಲಕ ಉದುರಿಸಿ, ಕರಗಿದ ಹನಿಗಳನ್ನು ಒಂದರ ಮೇಲೊಂದು ಹರಳುಗಟ್ಟಿಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದರು. ಮೊದಲು ಕೆಂಪು, ಆಮೇಲೆ ನೀಲ ಆ ಬಗೆಯಲ್ಲಿ ತಯಾರಾದವು. ಲ್ಯಾಬಿನ ನೀಲವೂ ಕುರಂದವೇ, ಅದರ ಗಡಸುತನವೂ ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ 9. ಗಾಜು ಹಾಗಲ್ಲ, ಕೆಲವು ವರ್ಷ ತೊಟ್ಟರೆ ದೂಳಿನ ಉಜ್ಜಿಗೇ ಅದರ ಮೈ ಮಂಕಾಗುತ್ತದೆ. ಅಂಗಡಿಯವರು ಭೂತಗನ್ನಡಿ ಕೊಟ್ಟು ತೋರಿಸಿದಾಗ ಲ್ಯಾಬಿನ ಕಲ್ಲಿನೊಳಗೆ ಬಳೆಯ ತುಂಡಿನಂತೆ ಬಾಗಿದ ನವಿರಾದ ಗೆರೆಗಳು ಕಂಡವು. ಸಿಲೋನ್ ಕಲ್ಲಿನಲ್ಲಿ ಗೆರೆಗಳು ನೇರವಾಗಿದ್ದು ಮೂಲೆಯಲ್ಲಿ ಕೂಡುತ್ತಿದ್ದವು, ನಡುವೆ ರೇಷ್ಮೆಯ ಎಳೆಯಂತಹ ಸೂಜಿಗಳಿದ್ದವು. ಓಲೆಯ ಹಿಂಬದಿ ತೆರೆದಿದ್ದರಿಂದ ಇಷ್ಟು ನೋಡಲು ಸಾಧ್ಯವಾಯಿತು. ಹಿಂದೆ ತಗಡು ಮುಚ್ಚಿದ ಕಟ್ಟಿನಲ್ಲಿ ಕಷ್ಟ.

ಈಗ ಪದಕ್ಕೆ ಬರುತ್ತೇನೆ. ‘ಕೃತಕ’ ಎಂದರೆ ಮೂಲದಲ್ಲಿ ಮಾಡಿದ್ದು ಎಂದಷ್ಟೇ ಅರ್ಥ. ಆದರೆ ನಮ್ಮ ಬಳಕೆಯಲ್ಲಿ ಅದು ಎರಡು ದಾರಿ ಹಿಡಿದಿದೆ. ಕೃತಕ ಹೂವು ಹೂವಲ್ಲ, ಕೃತಕ ನಗೆ ನಗೆಯಲ್ಲ. ಕೃತಕ ಸರೋವರವಾದರೋ ಸರೋವರವೇ, ಅದರ ನೀರು ನೀರೇ. ಲ್ಯಾಬಿನ ನೀಲವು ಸರೋವರದ ಪಂಕ್ತಿಗೆ ಸೇರಿದ್ದು, ಗಾಜು ಹೂವಿನ ಪಂಕ್ತಿಗೆ. ಚೀಟಿ ಓದುವವರಿಗೆ ಯಾವ ಅರ್ಥ ಹಿಡಿಯಬೇಕೆಂದು ತಿಳಿಯುವುದಿಲ್ಲ. ನನ್ನ ಜೊತೆ ಬಂದಿದ್ದ ಅತ್ತೆಯವರು ಎರಡನ್ನೂ ‘ಡೂಪ್ಲಿಕೇಟು’ ಎಂದು ಪಕ್ಕಕ್ಕೆ ಸರಿಸಿಬಿಟ್ಟರು.

‘ಸಂಶ್ಲೇಷಿತ’ (ಸಿಂಥೆಟಿಕ್) ಎಂಬುದು ಶಾಸ್ತ್ರಕ್ಕೆ ಸರಿಯಾದ ಪದ, ಆದರೆ ಶಾಲೆಯ ವಿಜ್ಞಾನ ಪುಸ್ತಕದ ಹೊರಗೆ ಅದನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ನನ್ನ ಮನಸ್ಸು ವಾಲುವುದು ‘ಬೆಳೆಸಿದ ನೀಲ’ ಎಂಬುದರ ಕಡೆಗೆ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು ಎನ್ನುತ್ತೇವೆ. ಮಾಡಿದವರ ಕೈ ‘ಕಟ್ಟಿಸಿದ’ ಎಂಬ ಕ್ರಿಯಾಪದದಲ್ಲೇ ಕಾಣುತ್ತದೆ, ಕೆರೆಯ ಕೆರೆತನಕ್ಕೆ ಕುಂದು ಬರುವುದಿಲ್ಲ. ‘ಬೆಳೆಸಿದ’ ಎಂಬುದರಲ್ಲೂ ಅದೇ ಗುಣವಿದೆ, ಹರಳಿನ ವಿಷಯದಲ್ಲಂತೂ ಅದು ಅಕ್ಷರಶಃ ನಿಜ. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರದ ಸುತ್ತ ಕಲ್ಲುಸಕ್ಕರೆ ಬೆಳೆಯುವುದನ್ನು ನೋಡಿದ ಮಂಡ್ಯದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗಾಜಿನದನ್ನು ‘ಗಾಜಿನ ಓಲೆ’ ಎಂದೇ ಬರೆದರೆ ಯಾರಿಗೂ ನಷ್ಟವಿಲ್ಲ.

ಹಾಗಾದರೆ ಮೊದಲನೆಯದನ್ನು ‘ಅಸಲಿ’ ಎನ್ನುವುದೂ ತಕ್ಕುದಲ್ಲ, ಏಕೆಂದರೆ ಅಸಲಿಯ ಎದುರು ನಿಲ್ಲುವುದು ನಕಲಿ. ‘ಗಣಿಯ ನೀಲ’ ಎನ್ನಬಹುದೇ? ಸಿಲೋನಿನ ಕಲ್ಲುಗಳು ಹೆಚ್ಚಾಗಿ ಹೊಳೆಯ ಗರಸಿನಲ್ಲಿ ಸಿಗುವುದರಿಂದ ‘ನೆಲದ ನೀಲ’ ಎಂಬುದು ಮೇಲೋ ಎಂದೂ ಅನ್ನಿಸುತ್ತದೆ. ಕಾಯಿಸಿ ಬಣ್ಣ ತಿದ್ದಿದ ಕಲ್ಲನ್ನು ‘ಕಾಯಿಸಿದ್ದು’ ಎಂದು ಬೇರೆಯಾಗಿ ನಮೂದಿಸಬೇಕು.

ಇನ್ನೊಂದು ಸಂದೇಹವಿದೆ. ಕೆಂಪು, ಪಚ್ಚೆ ಎಂದಾಗ ಬಣ್ಣಕ್ಕೂ ರತ್ನಕ್ಕೂ ಕನ್ನಡದಲ್ಲಿ ಒಂದೇ ಪದ. ಇಲ್ಲಿ ಮಾತ್ರ ಆಡುಮಾತಿನಲ್ಲಿ ಬಣ್ಣ ‘ನೀಲಿ’, ರತ್ನ ‘ನೀಲ’. ನೀಲ ಶನಿಯ ರತ್ನ, ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆಯಿಂದ ನಮ್ಮ ಮನೆಯ ಹಿರಿಯರು ಓಲೆಯ ವಿಷಯ ಬಂದಾಗ ‘ನೀಲಿ ಕಲ್ಲು’ ಎಂದೇ ಹೇಳುತ್ತಾರೆ. ಆದರೆ ಆ ಮಾತು ನೀಲಿ ಬಣ್ಣದ ಬೇರೆ ಕಲ್ಲುಗಳಾದ ಟೋಪಾಜ್, ಟಾಂಜನೈಟ್‌ಗಳನ್ನೂ ಒಳಗೊಂಡುಬಿಡುತ್ತದೆ. ಲ್ಯಾಬಿನದು ಶನಿಗೆ ಸಲ್ಲುತ್ತದೆಯೇ ಎಂದು ಅತ್ತೆಯವರು ಕೇಳಿದಾಗ ಅಂಗಡಿಯವರು, ‘ಅದಕ್ಕೆ ನೆಲದಿಂದ ಬಂದದ್ದೇ ಆಗಬೇಕಮ್ಮ, ತೊಡೋದಕ್ಕೆ ಯಾವುದಾದರೂ ಆದೀತು’ ಎಂದರು. ‘ನೆಲದ’ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಹಾಗೆ.

ನಾವು ಕೊನೆಗೆ ಕೊಂಡದ್ದು ಲ್ಯಾಬಿನ ಜೊತೆಯನ್ನೇ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಅಕ್ಕಸಾಲಿಗರ ಮನೆಮಾತಿನಲ್ಲಿ ಇಂತಹ ಕಲ್ಲಿಗೆ ಮೊದಲಿನಿಂದ ಬೇರೆ ಹೆಸರೇನಾದರೂ ಇದ್ದರೆ, ಕೇಳಿದವರು ಅದನ್ನು ಬಳಸಿದ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.