ಸ್ಪ್ರಿಂಗ್ ಏರ್ ರೈಫಲ್‌ನ ಟ್ರಿಗರ್ ಗಟ್ಟಿಯಾಗಿದೆ, ಸ್ಪ್ರಿಂಗ್ ಕತ್ತರಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಬ್ಯಾರೆಲ್ ಮಡಚಿ ಲೋಡ್ ಮಾಡುವ .177 (4.5 ಮಿ.ಮೀ.) ಸ್ಪ್ರಿಂಗ್ ರೈಫಲ್, ನಮ್ಮ ದೇಶದಲ್ಲೇ ತಯಾರಾದದ್ದು. 10 ಮೀಟರಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತೇವೆ. ಕುದುರೆ (ಟ್ರಿಗರ್) ತುಂಬಾ ಗಟ್ಟಿ. ಎಳೆಯುವಾಗ ನಡುವೆ ಎರಡು ಕಡೆ ಕರಕರ ಅಂತ ತಡೆಯುತ್ತೆ, ಅಷ್ಟರಲ್ಲಿ ಗುರಿ ಸರಿದಿರುತ್ತೆ. ಟ್ರಿಗರ್ ಸ್ಪ್ರಿಂಗ್‌ನ ಎರಡು ಸುತ್ತು ಕತ್ತರಿಸಿದರೆ ಸಾಕು ಅಂತ ರಿಪೇರಿಯವರು ಹೇಳ್ತಾರೆ. ಮಾಡಿಸಬಹುದಾ?

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಕುದುರೆಯನ್ನು ಮುಂದಕ್ಕೆ ತಳ್ಳುವುದಷ್ಟೇ ಆ ಪುಟ್ಟ ಸ್ಪ್ರಿಂಗ್‌ನ ಕೆಲಸವಲ್ಲ. ಕಾಕ್ ಮಾಡುವಾಗ (ಬ್ಯಾರೆಲ್ ಮಡಚಿ ಮುಖ್ಯ ಸ್ಪ್ರಿಂಗನ್ನು ಒತ್ತಿ ಸಜ್ಜು ಮಾಡುವಾಗ) ಸಿಯರ್, ಅಂದರೆ ಪಿಸ್ಟನ್ ಹಿಡಿದಿಡುವ ಕೊಕ್ಕೆ, ಮೇಲೆದ್ದು ಪಿಸ್ಟನ್‌ನ ಕಚ್ಚಿನೊಳಗೆ ಪೂರ್ತಿ ಕೂರುವಂತೆ ಮಾಡುವುದೂ ಅದೇ. ಅದು ಸೋತರೆ ಸಿಯರ್ ಅರ್ಧಂಬರ್ಧ ಕಚ್ಚುತ್ತದೆ. ಬ್ಯಾರೆಲ್ ಮಡಚಿ ಪೆಲೆಟ್ (ಪುಟ್ಟ ಗುಂಡು) ಹಾಕುತ್ತಿರುವಾಗ ಅದು ಜಾರಿದರೆ ಬ್ಯಾರೆಲ್ ರಪ್ಪನೆ ಮುಚ್ಚಿಕೊಂಡು ಬೆರಳು ಜಜ್ಜಿಹೋಗುತ್ತದೆ, ಬ್ಯಾರೆಲ್ಲೂ ಬಾಗುತ್ತದೆ. ಟ್ರಿಗರ್ ಎಷ್ಟೇ ಚೆನ್ನಾಗಿದ್ದರೂ ಪೆಲೆಟ್ ಹಾಕುವಾಗ ಇನ್ನೊಂದು ಕೈ ಬ್ಯಾರೆಲನ್ನು ಬಿಗಿಯಾಗಿ ಹಿಡಿದೇ ಇರಬೇಕು.

ನಿಮ್ಮ ರೈಫಲ್ ಬಹುಶಃ ನೇರ ಸಿಯರ್‌ನದ್ದು. ಅಂದರೆ ಮುಖ್ಯ ಸ್ಪ್ರಿಂಗ್‌ನ ಅಷ್ಟೂ ಒತ್ತಡ ಒಂದೇ ಕಚ್ಚಿನ ಮೇಲೆ ನಿಂತಿದೆ, ನಿಮ್ಮ ಬೆರಳು ಆ ಕಚ್ಚನ್ನೇ ಉಜ್ಜಿಕೊಂಡು ಬಿಡಿಸಬೇಕು. ಗಟ್ಟಿ ಅನಿಸುವುದು ಮುಕ್ಕಾಲು ಪಾಲು ಆ ಉಜ್ಜುವಿಕೆಯಿಂದ, ಟ್ರಿಗರ್ ಸ್ಪ್ರಿಂಗ್‌ನಿಂದಲ್ಲ. ಕರಕರ ಅನ್ನುವುದೂ ಅದೇ ಲೋಹದ ಒರಟು.

ಮೊದಲು ಅಳೆಯಿರಿ. ಲಗೇಜ್ ತೂಗುವ ಕೈ ತಕ್ಕಡಿ ಸಾಕು, ಗರಿಷ್ಠ ತೂಕವನ್ನು ಹಿಡಿದು ತೋರಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಪೆಲೆಟ್ ಹಾಕಿ, ಪೆಲೆಟ್ ಟ್ರ್ಯಾಪ್ (ಗುಂಡು ತಡೆದು ಹಿಡಿಯುವ ಪೆಟ್ಟಿಗೆ) ಕಡೆ ಮುಖ ಮಾಡಿ, ರೈಫಲನ್ನು ಮೇಜಿನ ಮೇಲೆ ಭದ್ರವಾಗಿ ಕೂರಿಸಿ. ಕೊಕ್ಕೆಯನ್ನು ಕುದುರೆಯ ನಡುವೆ ಸಿಕ್ಕಿಸಿ ನೇರ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಐದು ಸಲ ಬರೆದಿಟ್ಟುಕೊಳ್ಳಿ. ಐದೂ 3 ಕಿಲೋ ಆಸುಪಾಸಿನಲ್ಲಿದ್ದರೆ ಅದು ವಿನ್ಯಾಸದ ಭಾರ. ಒಮ್ಮೆ 2.4, ಒಮ್ಮೆ 3.1 ಬಂದರೆ ಕೊಳೆ, ಒಣಗಿದ ಗ್ರೀಸ್ ಅಥವಾ ಪಿನ್ನಿನ ಒರಟು. ಇದನ್ನು ಸರಿಮಾಡುವುದು ಸುಲಭ. ಪೆಲೆಟ್ ಇಲ್ಲದೆ ಮಾತ್ರ ಎಳೆಯಬೇಡಿ. ಮುಂದೆ ತಡೆಯುವ ಗಾಳಿಯ ಮೆತ್ತೆ ಇರುವುದಿಲ್ಲ, ಪಿಸ್ಟನ್ ಹೋಗಿ ಸಿಲಿಂಡರಿನ ಮುಂದಿನ ಗೋಡೆಗೆ ಬಡಿಯುತ್ತದೆ, ಪಿಸ್ಟನ್ ತುದಿಯ ವಾಷರ್ ಮತ್ತು ಸ್ಪ್ರಿಂಗ್ ಎರಡೂ ಹಾಳು.

ಅಳೆಯುವ ಮೊದಲೇ ಸ್ಟಾಕ್ (ಹಿಡಿಯ ಭಾಗ) ಸ್ಕ್ರೂಗಳನ್ನು ಬಿಗಿ ಮಾಡಿ. ಸ್ಪ್ರಿಂಗ್ ರೈಫಲ್ ಹಿಂದೆಯೂ ಮುಂದೆಯೂ ಒದೆಯುವುದರಿಂದ ಅವು ಸಡಿಲಾಗುತ್ತಲೇ ಇರುತ್ತವೆ, ಕುದುರೆಯ ಸುತ್ತಲಿನ ಗಾರ್ಡ್ ಅಲುಗಾಡಿದರೂ ಟ್ರಿಗರ್ ಕೆಟ್ಟಂತೆ ಅನಿಸುತ್ತದೆ.

ಪ್ರಶ್ನೆ: ಅಳೆದೆ ಸರ್. 2.6, 3.3, 2.8, 3.2, 2.7. ಈಗ ಬಿಚ್ಚಬೇಕಾ?

ಉತ್ತರ: ಹೌದು, ಇದು ಕೊಳೆ ಮತ್ತು ಒರಟಿನ ಲಕ್ಷಣ. ಆದರೆ ಅನೇಕ ರೈಫಲ್‌ಗಳಲ್ಲಿ ಟ್ರಿಗರಿನ ಪಿನ್ ತೆಗೆದರೆ ಹಿಂದಿನ ಮುಚ್ಚಳವೂ ಸಡಿಲಾಗುತ್ತದೆ, ಕಾಕ್ ಮಾಡದಿದ್ದರೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಬಡಗಿಗಳ ಉದ್ದ ಕ್ಲಾಂಪಿನಲ್ಲಿ ಮುಚ್ಚಳವನ್ನು ಒತ್ತಿ ಹಿಡಿದು, ಪಿನ್ ಹೊರಬಂದ ಮೇಲೆ ಕ್ಲಾಂಪನ್ನು ಅರ್ಧರ್ಧ ಸುತ್ತು ಸಡಿಲಿಸಿ. ಕ್ಲಾಂಪ್ ಇಲ್ಲದಿದ್ದರೆ ಬಿಚ್ಚಲೇಬೇಡಿ. ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ, ಯಾವ ಪಿನ್ ಯಾವ ಕಡೆಯಿಂದ ಬಂತು ಅನ್ನುವುದೂ ಕಾಣಲಿ.

ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಸಿಯರ್‌ನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕಚ್ಚು ತಾಗುವ ಜಾಗದಲ್ಲಿ ಒಂದು ಹೊಳೆಯುವ ಪಟ್ಟಿ ಇರುತ್ತದೆ. ಆ ಪಟ್ಟಿ ಒಂದು ಬದಿಗೆ ಮಾತ್ರ ಇದ್ದರೆ ಸಿಯರ್ ಓರೆಯಾಗಿ ಕೂರುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಪಿನ್ನಿನ ಅಕ್ಕಪಕ್ಕ ಸಂದು ಜಾಸ್ತಿಯಾಗಿರುತ್ತದೆ, ತೆಳು ವಾಷರ್ ಹಾಕಿ ತುಂಬಿದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಪಟ್ಟಿಗೆ ಅಡ್ಡಲಾಗಿ ಗೀರುಗಳಿದ್ದರೆ ಅದೇ ನಿಮ್ಮ ಕರಕರ.

ಗೀರು ತೆಗೆಯಲು ಅರ ಬೇಡ, ಗ್ರೈಂಡರ್ ಅಂತೂ ಬೇಡವೇ ಬೇಡ. ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ತಾಗುವ ಮುಖವನ್ನು ಚಪ್ಪಟೆಯಾಗಿ ಒಂದೇ ದಿಕ್ಕಿಗೆ ಹತ್ತು ಸಲ ಎಳೆದು ನೋಡಿ. ಆಮೇಲೆ 1500, 2000. ಗೀರು ಮಾಯವಾದ ಕೂಡಲೇ ನಿಲ್ಲಿಸಿ. ಅಂಚು ಗುಂಡಗಾಗಬಾರದು, ಕೋನ ಒಂದಿಷ್ಟೂ ಬದಲಾಗಬಾರದು. ಕಾರ್ಖಾನೆಯ ಕೋನದಲ್ಲಿ ಸ್ಪ್ರಿಂಗ್‌ನ ಒತ್ತಡ ಸಿಯರನ್ನು ಕಚ್ಚಿನ ಒಳಕ್ಕೇ ಎಳೆಯುತ್ತಿರುತ್ತದೆ. ಅದು ಸ್ವಲ್ಪ ಭಾರ, ಆದರೆ ಸುರಕ್ಷಿತ. ಕೋನ ತಿರುಗಿದರೆ ಅದೇ ಒತ್ತಡ ಸಿಯರನ್ನು ಹೊರಕ್ಕೆ ತಳ್ಳುತ್ತದೆ. ಮೇಲ್ಪದರ ಮಾತ್ರ ಗಟ್ಟಿ ಮಾಡಿದ ಉಕ್ಕಾದರೆ ಇನ್ನೊಂದು ಅಪಾಯ: ಆ ಪದರ ಸವೆದರೆ ಕೆಳಗೆ ಮೆತ್ತಗಿನ ಲೋಹ. ಇವತ್ತು ಬೆಣ್ಣೆಯಂತೆ ಎಳೆಯುವ ಟ್ರಿಗರ್ ಆಮೇಲೆ ತಾನೇ ಬಿಡುತ್ತದೆ.

ಜೋಡಿಸುವಾಗ ತಾಗುವ ಮುಖಕ್ಕೂ ಪಿನ್ನುಗಳಿಗೂ ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟನ್ನು ಬೆಂಕಿಕಡ್ಡಿ ತುದಿಯಲ್ಲಿ ಸವರಿದಷ್ಟು ಹಚ್ಚಿ. ಪಿಸ್ಟನ್ ವಾಷರ್ ಮುಂದೆ ಎಣ್ಣೆ, ಗ್ರೀಸ್ ಹೋಗಬಾರದು. ಒಳಗೆ ಒತ್ತಿದ ಗಾಳಿಯ ಬಿಸಿಗೆ ಅದು ಹೊತ್ತಿಕೊಂಡು ಢಂ ಅನ್ನುತ್ತದೆ, ವಾಷರ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಮುಗಿದ ಮೇಲೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ? ಎಷ್ಟು ಕಿಲೋಗೆ ಇಳಿಸಬಹುದು?

ಉತ್ತರ: ನೇರ ಸಿಯರ್‌ನಲ್ಲಿ 1.5ರಿಂದ 2 ಕಿಲೋ ಬಂದು, ಐದು ಅಳತೆಯೂ ಹತ್ತಿರ ಹತ್ತಿರ ಇದ್ದರೆ ಅಲ್ಲಿಗೆ ಬಿಡಿ. ತೂಕಕ್ಕಿಂತ ಒಂದೇ ಥರ ಬರುವುದು ಮುಖ್ಯ. 2 ಕಿಲೋ ಇದ್ದೂ ಪ್ರತಿಸಲ ಒಂದೇ ಜಾಗದಲ್ಲಿ ಬಿಡುವ ಕುದುರೆಗೆ ಬೆರಳು ಬೇಗ ಒಗ್ಗುತ್ತದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದಲ್ಲಿ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇದೆ, ಏರ್ ರೈಫಲ್‌ಗೆ ಕನಿಷ್ಠ ಮಿತಿಯೇ ಇಲ್ಲ. ಅದನ್ನು ನೋಡಿ ಆಸೆಪಡಬೇಡಿ. ಆ ಮ್ಯಾಚ್ ರೈಫಲ್‌ಗಳ ಟ್ರಿಗರ್ ಕಟ್ಟುವ ರೀತಿಯೇ ಬೇರೆ.

ಪರೀಕ್ಷೆ ಹೀಗೆ: ಪೆಲೆಟ್ ಹಾಕಿ, ಬ್ಯಾರೆಲ್ ಮುಚ್ಚಿ, ಟ್ರ್ಯಾಪ್ ಕಡೆ ಮುಖ ಮಾಡಿ, ಸೇಫ್ಟಿ ತೆಗೆದು, ಕುದುರೆ ಮುಟ್ಟದೆ ಹಿಂಬದಿಯನ್ನೂ ಎರಡೂ ಪಕ್ಕಗಳನ್ನೂ ರಬ್ಬರ್ ಸುತ್ತಿಗೆಯಿಂದ ಬಲವಾಗಿ ತಟ್ಟಿ. ಆಮೇಲೆ ಟ್ರ್ಯಾಪಿಗೆ ಹೊಡೆದು ಮತ್ತೆ ಕಾಕ್ ಮಾಡಿ, ಹೀಗೇ ಹತ್ತು ಸಲ. ಒಮ್ಮೆ ತಾನಾಗಿ ಹಾರಿದರೂ ಆ ರೈಫಲ್ ಬಳಸಬಾರದು, ಹೊಸ ಸಿಯರ್ ತರಿಸಬೇಕು.

ಪ್ರಶ್ನೆ: ನನ್ನ ಹತ್ತಿರ ಜರ್ಮನಿಯ ವೈರೌಖ್ ಏರ್ ರೈಫಲ್ ಇದೆ, ರೆಕಾರ್ಡ್ ಅನ್ನುವ ಟ್ರಿಗರ್ ಇರುವಂಥದ್ದು. ಅದನ್ನೂ ಹೀಗೇ ಉಜ್ಜಬೇಕಾ?

ಉತ್ತರ: ಬೇಡ. ಅದರಲ್ಲಿ ನಡುವೆ ಸನ್ನೆಗಳಿದ್ದು ಮುಖ್ಯ ಸ್ಪ್ರಿಂಗ್‌ನ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತವೆ, ಬೆರಳಿಗೆ ಬರುವುದು ಅಲ್ಪ. ಗಾರ್ಡ್ ಒಳಗೆ ಕಾಣುವ ದಪ್ಪ ಸ್ಕ್ರೂವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಐದು ಹೊಡೆದು, ಮತ್ತೆ ಕಾಲು ಸುತ್ತು. ಘಟಕದ ಒಳಗಿನ ಸಣ್ಣ ಸ್ಕ್ರೂ ಮುಟ್ಟಬೇಡಿ, ಅದು ಕಚ್ಚುವ ಆಳಕ್ಕೆ ಸೇರಿದ್ದು. ಎರಡು ಪಿನ್ ಒತ್ತಿದರೆ ಇಡೀ ಘಟಕ ಕೈಗೆ ಬರುತ್ತದೆ. ಆಗ ಸೇಫ್ಟಿ ಗುಂಡಿ ಮತ್ತು ಅದರ ಪುಟ್ಟ ಸ್ಪ್ರಿಂಗ್ ಪಕ್ಕದಿಂದ ಚಿಮ್ಮುತ್ತವೆ, ಹೆಬ್ಬೆರಳು ಅಡ್ಡ ಇಟ್ಟಿರಿ.

ಪ್ರಶ್ನೆ: ಟ್ರಿಗರ್ ಬದಲಿಸಿದರೆ ಲೈಸೆನ್ಸ್ ಪ್ರಶ್ನೆ ಬರುತ್ತಾ?

ಉತ್ತರ: ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ನೋಡುವುದು .177 ಅಳತೆ ಮತ್ತು 20 ಜೌಲ್ ಶಕ್ತಿಯ ಮಿತಿಯನ್ನು. ಟ್ರಿಗರ್ ಕೆಲಸದಿಂದ ಇವೆರಡೂ ಬದಲಾಗುವುದಿಲ್ಲ. ಮುಖ್ಯ ಸ್ಪ್ರಿಂಗ್ ಬದಲಿಸಿದರೆ ಶಕ್ತಿ ಏರಬಹುದು, ಅದು ಬೇರೆ ಮಾತು.