ಐಸಿಯುನಲ್ಲಿ ಮೆರೊಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೈಕ್ರೋಬಯಾಲಜಿ ಎಂಡಿ ಎರಡನೇ ವರ್ಷದಲ್ಲಿದ್ದೇನೆ. ಇತ್ತೀಚೆಗೆ ಐಸಿಯು ಸ್ಯಾಂಪಲ್‌ಗಳಲ್ಲಿ ಮೆರೊಪೆನೆಮ್ (ಪ್ರಬಲ ಆಂಟಿಬಯೋಟಿಕ್) ರೆಸಿಸ್ಟೆಂಟ್ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಜಾಸ್ತಿ ಬರ್ತಿದೆ. ಇದು ಔಟ್‌ಬ್ರೇಕೇ? ಇದನ್ನೇ ಥೀಸಿಸ್ ಮಾಡೋ ಆಸೆ. ಜೀನೋಮ್ ಸೀಕ್ವೆನ್ಸಿಂಗ್‌ಗೆ ದುಡ್ಡಿಲ್ಲ. ಅನುಭವ ಇರೋರು ಹೇಳಿ.

ಉತ್ತರ, ಮೈಕ್ರೋಬಯಾಲಜಿಸ್ಟ್: ಸೀಕ್ವೆನ್ಸಿಂಗ್ ಚಿಂತೆ ಸದ್ಯಕ್ಕೆ ಬಿಡಿ. ಮೊದಲು ಐಸೊಲೇಟ್ (ಸ್ಯಾಂಪಲ್‌ನಿಂದ ಬೆಳೆಸಿ ಬೇರ್ಪಡಿಸಿದ ಬ್ಯಾಕ್ಟೀರಿಯಾ) ಎಣಿಸೋದು ಬಿಟ್ಟು ರೋಗಿಗಳನ್ನು ಎಣಿಸಿ. ಬಹಳ ದಿನ ಐಸಿಯುನಲ್ಲಿ ಉಳಿದವರಿಂದ ರಕ್ತ, ಮೂತ್ರ, ಟ್ರೇಕಿಯಲ್ ಆಸ್ಪಿರೇಟ್ (ಶ್ವಾಸನಾಳದಿಂದ ಹೀರಿದ ದ್ರವ) ಅಂತ ಪದೇ ಪದೇ ಸ್ಯಾಂಪಲ್ ಬರುತ್ತೆ. ಇರೋದು ಒಬ್ಬರೇ ಆದರೂ ರಿಜಿಸ್ಟರ್‌ನಲ್ಲಿ ಐದಾರು ಸಾಲು ತುಂಬಿರುತ್ತೆ. ಆಂಟಿಬಯೋಗ್ರಾಮ್‌ಗೆ (ಯಾವ ಔಷಧಿಗೆ ಎಷ್ಟು ಬ್ಯಾಕ್ಟೀರಿಯಾ ಬಗ್ಗುತ್ತೆ ಅನ್ನೋ ಸಾರಾಂಶಕ್ಕೆ) ಲ್ಯಾಬ್ ಮಾನದಂಡ ರೂಪಿಸೋ ಸಂಸ್ಥೆ ಸಿಎಲ್‌ಎಸ್‌ಐ ಹೇಳೋದೂ ಅದನ್ನೇ: ಒಬ್ಬ ರೋಗಿಯ ಮೊದಲ ಐಸೊಲೇಟ್ ಮಾತ್ರ ಲೆಕ್ಕಕ್ಕೆ, ಒಟ್ಟು ಕನಿಷ್ಠ 30 ಇರಬೇಕು. ಆಮೇಲೆ 1000 ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಉಳಿದರೆ ಒಂದು ರೋಗಿ-ದಿನ) ಎಷ್ಟು ಹೊಸ ರೋಗಿಗಳು ಅಂತ ಲೆಕ್ಕ ಹಾಕಿ, ಹಿಂದಿನ ತಿಂಗಳುಗಳ ಪಕ್ಕ ಇಟ್ಟು ನೋಡಿ. ಹಾಸಿಗೆ ಹೆಚ್ಚಾಗಿದ್ದರೆ, ಕಲ್ಚರ್ ಕಳಿಸೋದು ಹೆಚ್ಚಾಗಿದ್ದರೆ ಅಂಕಿ ತಾನಾಗೇ ಏರುತ್ತೆ.

ಲ್ಯಾಬ್ ಒಳಗೂ ಒಮ್ಮೆ ನೋಡಿ. ಡಿಸ್ಕ್ ಟೆಸ್ಟ್‌ನಲ್ಲಿ ಔಷಧಿ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗವೇ ಝೋನ್. ಮುಲ್ಲರ್ ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸೋ ಮಾಧ್ಯಮ) 4 ಮಿ.ಮೀ.ಗಿಂತ ದಪ್ಪ ಸುರಿದಿದ್ದರೆ, ಇನಾಕ್ಯುಲಮ್ (ಪ್ಲೇಟ್ ಮೇಲೆ ಹರಡೋ ಬ್ಯಾಕ್ಟೀರಿಯಾ ದ್ರಾವಣ) ದಟ್ಟತೆಯ ಅಳತೆಯಲ್ಲಿ 0.5 ಮ್ಯಾಕ್‌ಫಾರ್ಲಂಡ್‌ಗಿಂತ ದಟ್ಟವಾಗಿದ್ದರೆ, ಡಿಸ್ಕ್ ಫ್ರಿಜ್ ಹೊರಗೆ ಉಳಿದು ಶಕ್ತಿ ಕಳೆದುಕೊಂಡಿದ್ದರೆ, ಮೂರರಲ್ಲೂ ಝೋನ್ ಕುಗ್ಗುತ್ತೆ. ಇಲ್ಲದ ರೆಸಿಸ್ಟೆನ್ಸ್ ಕಾಣುತ್ತೆ. ಆ ವಾರಗಳ ಎಟಿಸಿಸಿ 25922 (ಪರೀಕ್ಷೆ ಸರಿಯಿದೆಯಾ ಅಂತ ನೋಡೋಕೆ ಬಳಸೋ ಪ್ರಮಾಣಿತ ಇ. ಕೋಲೈ) ಕ್ಯೂಸಿ ಪುಟ ತೆಗೆದು ಓದಿ.

ಇಷ್ಟಾದ ಮೇಲೂ ಹೆಚ್ಚಳ ಉಳಿದರೆ ಲೈನ್ ಲಿಸ್ಟ್ (ರೋಗಿಗೊಂದು ಸಾಲು) ಮಾಡಿ: ದಾಖಲಾದ ದಿನ, ಹಾಸಿಗೆ, ವೆಂಟಿಲೇಟರ್, ಕ್ಯಾಥೆಟರ್, ಸ್ಕೋಪ್, ಮೊದಲ ಪಾಸಿಟಿವ್ ದಿನ. ನನಗೆ ಯಾವಾಗಲೂ ಕೈಹಿಡಿದಿದ್ದು ಒಂದು ದೊಡ್ಡ ಹಾಳೆ. ದಿನಾಂಕ ಅಡ್ಡಕ್ಕೆ, ಹಾಸಿಗೆ ಉದ್ದಕ್ಕೆ ಬರೆದು ಪ್ರತಿ ರೋಗಿಗೆ ಒಂದು ಬಣ್ಣದ ಪಟ್ಟಿ ಎಳೀರಿ. ಒಬ್ಬರು ಬಿಟ್ಟ ಹಾಸಿಗೆಗೆ ಬಂದವರು ಪಾಸಿಟಿವ್ ಆಗಿದ್ದರೆ, ಅಥವಾ ಎಲ್ಲರೂ ಒಂದೇ ಸಿಂಕಿನ ಪಕ್ಕ ಇದ್ದರೆ ಕಣ್ಣಿಗೆ ರಾಚುತ್ತೆ.

ಬಣ್ಣದ ಪಟ್ಟಿಗಳು ಒಂದಕ್ಕೊಂದು ತಾಗದಿದ್ದರೆ ಸಂಬಂಧ ಇಲ್ಲ ಅಂತ ತೀರ್ಮಾನಿಸಬೇಡಿ. 2011ರಲ್ಲಿ ಅಮೆರಿಕದ ಎನ್‌ಐಎಚ್ (ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಕ್ಲಿನಿಕಲ್ ಸೆಂಟರ್ ಆಸ್ಪತ್ರೆಯಲ್ಲಿ ಇಂಥದೇ ಕ್ಲೆಬ್ಸಿಯೆಲ್ಲಾ 18 ರೋಗಿಗಳಿಗೆ ಹರಡಿತು. ಮೊದಲ ರೋಗಿ ಮನೆಗೆ ಹೋಗಿ ಮೂರು ವಾರದ ಮೇಲೆ ಎರಡನೆಯವರು ಪಾಸಿಟಿವ್ ಆದರು. ನಡುವೆ ಯಾವ ಲಕ್ಷಣವೂ ಇಲ್ಲದವರ ಕರುಳಿನಲ್ಲಿ ಅದು ಕೂತಿತ್ತು. ಅದಕ್ಕೇ ಐಸಿಯು ರೋಗಿಗಳಿಗೆಲ್ಲ ರೆಕ್ಟಲ್ ಸ್ವಾಬ್ ಮಾಡಿಸೋಕೆ ಒತ್ತಾಯಿಸಿ. ನನ್ನ ಮಟ್ಟಿಗೆ ನಿಮ್ಮ ಥೀಸಿಸ್‌ನ ಜೀವಾಳ ಅದೇ ಆಗಬಹುದು.

ಉತ್ತರ, ಸೀನಿಯರ್ ಲ್ಯಾಬ್ ಟೆಕ್ನಿಷಿಯನ್: ಸರ್ ಹೇಳಿದ್ದು ಸರಿ. ನನ್ನದೊಂದು ಕೋರಿಕೆ, ರಿಪೋರ್ಟ್ ಹೋದ ತಕ್ಷಣ ಪ್ಲೇಟ್ ಆಟೋಕ್ಲೇವ್‌ಗೆ ಹಾಕಬೇಡಿ. ಪ್ಯೂರ್ ಕಲ್ಚರ್ ಮಾಡಿ, ಗ್ಲಿಸರಾಲ್ ಬ್ರಾತ್‌ನಲ್ಲಿ −80 ಡಿಗ್ರಿಗೆ ಇಟ್ಟುಬಿಡಿ. ನಾಳೆ ಸೀಕ್ವೆನ್ಸಿಂಗ್‌ಗೆ ದುಡ್ಡು ಸಿಕ್ಕರೂ ಐಸೊಲೇಟ್ ಇಲ್ಲದಿದ್ದರೆ ಏನು ಮಾಡ್ತೀರಿ?

ಅಲ್ಲೀವರೆಗೆ ಎಂಸಿಐಎಂ ಪರೀಕ್ಷೆ ಮಾಡಿ. ಮೆರೊಪೆನೆಮ್ ಡಿಸ್ಕನ್ನು ಬ್ಯಾಕ್ಟೀರಿಯಾ ಇರೋ ಬ್ರಾತ್‌ನಲ್ಲಿ ನಾಲ್ಕು ಗಂಟೆ ಇಟ್ಟು, ಸೆನ್ಸಿಟಿವ್ ಇ. ಕೋಲೈ ಹರಡಿದ ಪ್ಲೇಟ್ ಮೇಲೆ ಇಡೋದು. ಡಿಸ್ಕ್ ಸುತ್ತ ಇ. ಕೋಲೈ ಅಂಚಿನವರೆಗೂ ಬೆಳೆದಿದ್ದರೆ ನಿಮ್ಮ ಬ್ಯಾಕ್ಟೀರಿಯಾ ಔಷಧಿಯನ್ನೇ ಒಡೆದು ಹಾಕಿದೆ ಅಂತ. ಜೊತೆಗೆ ಇಡಿಟಿಎ (ಲೋಹ ಹಿಡಿದಿಡೋ ರಾಸಾಯನಿಕ) ಹಾಕಿ ಇಸಿಐಎಂ ಮಾಡಿದರೆ ಒಡೆದಿದ್ದು ಎನ್‌ಡಿಎಂ ಥರದ ಮೆಟಲೊ ಕಿಣ್ವವೇ (ಕೆಲಸಕ್ಕೆ ಲೋಹ ಬೇಕಾದ ಕಿಣ್ವ) ಅನ್ನೋದೂ ಗೊತ್ತಾಗುತ್ತೆ. ಚಿಕಿತ್ಸೆಗೆ ಇದು ತುಂಬ ಮುಖ್ಯ. ಎನ್‌ಡಿಎಂ ಇದ್ದಲ್ಲಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಅನ್ನೋ ಆಂಟಿಬಯೋಟಿಕ್ ಒಂದನ್ನೇ ಕೊಟ್ಟರೆ ಕೆಲಸ ಮಾಡಲ್ಲ.

ಉತ್ತರ, ಸೋಂಕು ನಿಯಂತ್ರಣ ನರ್ಸ್: ಡಾಕ್ಟ್ರೇ, ಥೀಸಿಸ್‌ಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬರೋವರೆಗೂ ವಾರ್ಡ್‌ಗೆ ಹೇಳೋದು ತಡ ಮಾಡಬೇಡಿ. ಅನುಮಾನ ಇದ್ದಾಗಲೇ ಸೋಂಕು ನಿಯಂತ್ರಣ ಸಮಿತಿಗೆ ತಿಳಿಸಿ, ಪಾಸಿಟಿವ್ ಇರೋರನ್ನ ಬೇರೆ ಮಾಡಿಸಿ, ಗೌನು-ಗ್ಲೌಸು ಶುರು ಮಾಡಿಸಿ. ವಾರ್ಡ್‌ಗೆ ಬರುವಾಗ ತಪ್ಪು ಯಾರದ್ದು ಅಂತ ಕೇಳ್ಕೊಂಡು ಬರಬೇಡಿ, ಆಮೇಲೆ ಯಾರೂ ಬಾಯಿ ಬಿಡಲ್ಲ. ಕ್ಲೀನಿಂಗ್ ಮಾಡೋ ಅಕ್ಕಂದಿರ ಹತ್ರ ಕೂತು ಮಾತಾಡಿ. ಕೈ ತೊಳೆಯೋ ಸಿಂಕಿಗೇ ಸಕ್ಷನ್ ಜಾರ್ ಖಾಲಿ ಮಾಡ್ತಾರಾ, ರಾತ್ರಿ ಪಾಳಿಯಲ್ಲಿ ಹ್ಯಾಂಡ್‌ರಬ್ ಮುಗಿದುಹೋಗುತ್ತಾ, ಎಲ್ಲ ಅವರಿಗೆ ಗೊತ್ತಿರುತ್ತೆ.