ಅಂಡರ್‌ವಾಟರ್ ಸ್ಕೂಟರ್ ಮುರುಡೇಶ್ವರಕ್ಕೆ ತಗೊಂಡು ಹೋಗ್ತಿದ್ದೇವೆ, ಮಗನೂ ಇರ್ತಾನೆ. ಏನೇನು ನೋಡಿಕೊಳ್ಳಬೇಕು?

ಸುಧಾ_ಮೈಸೂರು

ಎಲ್ಲರಿಗೂ ನಮಸ್ಕಾರ. ದುಬೈನಲ್ಲಿರುವ ನಮ್ಮ ಭಾವ ಈ ಸಲ ಬರುವಾಗ ಕೈಯಲ್ಲಿ ಹಿಡಿದು ಓಡಿಸುವ ಅಂಡರ್‌ವಾಟರ್ ಸ್ಕೂಟರ್ ತಂದಿದ್ದಾರೆ. ಎರಡು ಪ್ರೊಪೆಲ್ಲರ್, ಎರಡು ಹಿಡಿ. ಎರಡೂ ಕೈಯ ಬಟನ್ ಒತ್ತಿದರೆ ಮಾತ್ರ ಓಡುತ್ತದೆ. ಡಬ್ಬದ ಮೇಲೆ 40 ಮೀಟರ್ ಆಳ, ಸೆಕೆಂಡಿಗೆ 1.5 ಮೀಟರ್ ವೇಗ ಅಂತ ಬರೆದಿದೆ. ಬ್ಯಾಟರಿ ಮೇಲೆ 122 ವಾಟ್-ಅವರ್ ಅಂತಿದೆ.

ಜನವರಿಯಲ್ಲಿ ಎಲ್ಲರೂ ಮುರುಡೇಶ್ವರಕ್ಕೆ ಹೊರಟಿದ್ದೇವೆ. ನಮ್ಮ ಯಜಮಾನರಿಗೂ ಭಾವನಿಗೂ ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ಡೈವಿಂಗ್ ಮಾಡುವಾಗ ಇದನ್ನು ಹಿಡಿದುಕೊಳ್ಳುವ ಆಸೆ. ಇಬ್ಬರಿಗೂ ಅದು ಮೊದಲ ಡೈವಿಂಗ್. ಮಗನಿಗೆ 13 ವರ್ಷ, ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾನೆ. ಮಾಸ್ಕ್, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಂಡು ಓಡಿಸ್ತೀನಿ ಅಂತ ಕುಣಿಯುತ್ತಿದ್ದಾನೆ. "ಬಟನ್ ಬಿಟ್ಟರೆ ನಿಲ್ಲುತ್ತೆ, ಅದರಲ್ಲೇನು ಭಯ" ಅಂತಾರೆ ಮನೆಯಲ್ಲಿ. ನನಗೂ ಒಮ್ಮೆ ಓಡಿಸಿ ನೋಡಬೇಕು ಅನ್ನಿಸುತ್ತಿದೆ, ಆದರೆ ಧೈರ್ಯ ಬರ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಕಡಲತಡಿ_ಭಟ್ಕಳ

ಸುಧಾ ಮೇಡಂ, ನಾನು ಭಟ್ಕಳದವನು. ಸೀಸನ್‌ನಲ್ಲಿ ಡೈವಿಂಗ್ ಬೋಟಿನಲ್ಲಿ ನೇತ್ರಾಣಿಗೆ ಹೋಗಿಬರುವುದೇ ಕೆಲಸ. ಈ ಸ್ಕೂಟರ್‌ಗಳು ಈಗ ಜಾಸ್ತಿ ಆಗಿವೆ, ಒಳ್ಳೆಯ ಮಷೀನುಗಳೇ. ನೀವು ಹೊರಡುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು.

ಬಟನ್ ಬಿಟ್ಟರೆ ನಿಲ್ಲುವುದು ನಿಜ. ಭಯ ಇರುವುದು ಅದು ಓಡುವಾಗ. ಸೆಕೆಂಡಿಗೆ 1.5 ಮೀಟರ್ ಅಂದರೆ 10 ಮೀಟರ್ ನೀರನ್ನು ಏಳು ಸೆಕೆಂಡಿನಲ್ಲಿ ದಾಟಿಸಿಬಿಡುತ್ತದೆ. 10 ಮೀಟರ್ ಆಳದಲ್ಲಿ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡರಷ್ಟು. ಕಿವಿ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಒಂದೆರಡು ಮೀಟರ್ ಇಳಿದಾಗಲೇ ಕಿವಿ ಒತ್ತಿ ಹಿಡಿದಂತೆ ಆಗುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಸರಿಮಾಡಿಕೊಳ್ಳಬೇಕು. ನಿಮ್ಮ ಮಷೀನಿಗೆ ಎರಡೂ ಕೈ ಬೇಕು, ಮೂಗು ಹಿಡಿಯಲು ಕೈಯೇ ಇಲ್ಲ! "ಇನ್ನೊಂದು ಸ್ವಲ್ಪ" ಅಂತ ನೋವು ತಡೆದುಕೊಂಡು ಇಳಿದರೆ ಕಿವಿಯ ತಮಟೆ ಹರಿಯಬಹುದು. ಅದಕ್ಕೇ ಇಳಿಯುವಾಗ ಮೋಟಾರ್ ಬೇಡ. ಬೋಟಿನ ಹಗ್ಗ ಹಿಡಿದು, ಕಾಲು ಕೆಳಗೆ ಮಾಡಿ, ಕಿವಿ ಸರಿಮಾಡಿಕೊಳ್ಳುತ್ತಾ ಇಳಿಯಿರಿ. ಬೇಕಾದ ಆಳ ಮುಟ್ಟಿದ ಮೇಲೆ ಸ್ಕೂಟರ್ ಶುರುಮಾಡಿ, ಅದೇ ಮಟ್ಟದಲ್ಲಿ ಅಡ್ಡಕ್ಕೆ ಓಡಿಸಿ.

ಮೇಲೆ ಬರುವಾಗ ಇನ್ನೂ ಹುಷಾರು. ಸಿಲಿಂಡರ್ ಗಾಳಿ ಉಸಿರಾಡುವವರು ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರಬಾರದು ಅಂತ ಕಲಿಸುತ್ತಾರೆ. ನಿಮ್ಮ ಸ್ಕೂಟರ್ ಅದರ ಹತ್ತು ಪಟ್ಟು ವೇಗದಲ್ಲಿ ಎಳೆದುಕೊಂಡು ಬರಬಲ್ಲದು. ಒತ್ತಡ ಕಡಿಮೆಯಾದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ಕಟ್ಟಿಕೊಂಡು ಏರಿದರೆ ಶ್ವಾಸಕೋಶ ಹರಿಯಬಹುದು. ಆಳವೇ ಬೇಕಿಲ್ಲ, ತುಂಬು ಉಸಿರು ಕಟ್ಟಿಕೊಂಡು ಒಂದೂಕಾಲು ಮೀಟರ್ ಏರಿದರೂ ಸಾಕು. ಹಾಗಾಗಿ ಸಿಲಿಂಡರ್ ಕಟ್ಟಿಕೊಂಡವರು ಯಾವಾಗಲೂ ಉಸಿರಾಡುತ್ತಲೇ ಇರಬೇಕು, ಮೋಟಾರ್ ನಿಲ್ಲಿಸಿಯೇ ಮೇಲೆ ಬರಬೇಕು.

ಇನ್ನು ನೇತ್ರಾಣಿ ವಿಷಯ. ಮೊದಲ ಸಲದ ಡೈವಿಂಗ್ 12 ಮೀಟರ್ ಒಳಗೆ, ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಅಲ್ಲಿ ಸ್ಕೂಟರ್‌ಗೆ ಜಾಗವಿಲ್ಲ. ಯಜಮಾನರಿಗೂ ಭಾವನವರಿಗೂ ಇದನ್ನು ಈಗಲೇ ಹೇಳಿಬಿಡಿ, ಬೋಟಿನಲ್ಲಿ ಮುಖ ಸಪ್ಪಗಾಗುವುದು ಬೇಡ. ಡೈವಿಂಗ್ ಕಲಿಸುವ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದರೂ ಮಿತಿ 18 ಮೀಟರ್. 40 ಮೀಟರ್ ಅನ್ನುವುದು ಮಷೀನಿನ ಕವಚ ತಡೆಯುವ ಆಳ, ಅದನ್ನು ನೋಡಿ ನೀವು ಎಷ್ಟು ಇಳಿಯಬಹುದು ಅಂತ ಲೆಕ್ಕ ಹಾಕಬೇಡಿ.

ಮಗನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ. ಮಾಸ್ಕ್, ಸ್ನಾರ್ಕೆಲ್ ಹಾಕಿ ನೀರ ಮೇಲೆ ತೇಲುತ್ತಾ, ಲೈಫ್ ಜಾಕೆಟ್ ಇದ್ದು, ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇದ್ದರೆ ಕಡಿಮೆ ಸ್ಪೀಡಿನಲ್ಲಿ ಓಡಿಸಲಿ. ಉಸಿರು ಬಿಗಿಹಿಡಿದು ಸ್ಕೂಟರ್ ಹಿಡಿದು ಕೆಳಗೆ ಹೋಗುವುದು ಮಾತ್ರ ಬೇಡವೇ ಬೇಡ. ಕಾಲು ಬಡಿಯುವ ಶ್ರಮ ಇಲ್ಲದ ಕಾರಣ "ಇನ್ನೂ ತಡೆಯಬಲ್ಲೆ" ಅನ್ನಿಸುತ್ತದೆ. ಇಳಿಯುವ ಮುಂಚೆ ಜೋರಾಗಿ ಉಸಿರಾಡಿದ್ದರಂತೂ ಉಸಿರು ಬೇಕು ಅನ್ನುವ ಸೂಚನೆಯೇ ತಡವಾಗಿ ಬರುತ್ತದೆ. ಕೊನೆಯ ಕೆಲವು ಮೀಟರ್ ಏರುವಾಗ ಒತ್ತಡದ ಜೊತೆ ರಕ್ತದಲ್ಲಿ ಆಮ್ಲಜನಕದ ಮಟ್ಟವೂ ಕುಸಿಯುತ್ತದೆ, ಮಕ್ಕಳು ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾರೆ. ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಈಜುಕೊಳದಲ್ಲೂ ಹೀಗಾಗುತ್ತದೆ.

ದೂರದ ಲೆಕ್ಕ ಕೂಡ ಇಟ್ಟುಕೊಳ್ಳಿ. ಕಡಿಮೆ ಸ್ಪೀಡು ಸೆಕೆಂಡಿಗೆ ಒಂದು ಮೀಟರ್ ಅಂದುಕೊಂಡರೂ ಹತ್ತು ನಿಮಿಷಕ್ಕೆ 600 ಮೀಟರ್ ದೂರ ಹೋಗಿರುತ್ತೀರಿ. ಅಲ್ಲಿ ಬ್ಯಾಟರಿ ನಿಂತರೆ ಮಷೀನನ್ನೂ ಎಳೆದುಕೊಂಡು, ಸೆಳೆತ ಎದುರಿಗಿದ್ದರೆ ಅದನ್ನೂ ಮೀರಿ ಈಜಬೇಕು. ಮೋಟಾರ್ ಇಲ್ಲದೆ ಎಷ್ಟು ದೂರದಿಂದ ವಾಪಸ್ ಈಜಬಲ್ಲಿರೋ ಅಷ್ಟೇ ದೂರ ಹೋಗಿ. ಹೊರಡುವಾಗ ಸೆಳೆತದ ಎದುರು ದಿಕ್ಕಿಗೆ ಹೊರಡಿ, ಆಗ ಬರುವಾಗ ನೀರೇ ನಿಮ್ಮನ್ನು ತರುತ್ತದೆ. ಬ್ಯಾಟರಿಯ ಮೂರನೇ ಒಂದು ಭಾಗ ಖರ್ಚಾದಾಗಲೇ ತಿರುಗಿಬಿಡಿ.

ಕೂದಲು, ದಾರ, ಸರ. ಪ್ರೊಪೆಲ್ಲರ್‌ಗೆ ಜಾಲರಿ ಇದ್ದರೂ ಅದು ಬೆರಳನ್ನು ತಡೆಯುತ್ತದೆ, ಕೂದಲನ್ನು ತಡೆಯುವುದಿಲ್ಲ. ಉದ್ದ ಕೂದಲಿದ್ದರೆ ಸುಮ್ನೆ ಜಡೆ ಹಾಕಿದರೆ ಸಾಲದು. ಜಡೆ ಸುತ್ತಿ ಕಟ್ಟಿ, ಮೇಲೆ ಈಜುವ ಟೋಪಿ ಹಾಕಿ. ಮಾಂಗಲ್ಯ ತೆಗೆಯಲು ಇಷ್ಟವಿಲ್ಲದಿದ್ದರೆ ಮೈಗೆ ಬಿಗಿಯಾಗಿ ಕೂರುವ, ಕುತ್ತಿಗೆವರೆಗೆ ಬರುವ ಈಜುಡುಗೆಯ ಒಳಗೆ ಹಾಕಿಕೊಳ್ಳಿ. ಜನಿವಾರ, ಚಡ್ಡಿಯ ಲಾಡಿ, ಲೈಫ್ ಜಾಕೆಟ್ಟಿನ ಜೋತಾಡುವ ಪಟ್ಟಿ, ಎಲ್ಲವನ್ನೂ ಒಳಗೆ ಸಿಕ್ಕಿಸಿ. ಸ್ಕೂಟರನ್ನು ಕೈಗೆ ಕಟ್ಟುವ ಹಗ್ಗ ಪ್ರೊಪೆಲ್ಲರ್ ಮುಟ್ಟದಷ್ಟು ಗಿಡ್ಡ ಇರಲಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಲಿ. ಏನಾದರೂ ಸಿಕ್ಕಿಕೊಂಡರೆ ಮೊದಲು ಬಟನ್ ಬಿಡಿ, ಪವರ್ ಆಫ್ ಮಾಡಿ, ಆಮೇಲೆ ಬಿಡಿಸಿ.

ನಮ್ಮ ಕಡೆ ಇನ್ನೊಂದು ಇದೆ, ಬಲೆ. ನೀರ ಮೇಲೆ ಸಾಲಾಗಿ ಬೆಂಡು ಅಥವಾ ಖಾಲಿ ಕ್ಯಾನು ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತಲೇ ತಿಳಿಯಿರಿ, ಆ ಕಡೆ ಹೋಗಬೇಡಿ. ಬಂಡೆಗಳ ನಡುವೆ ಹರಿದುಹೋದ ನೈಲಾನ್ ಬಲೆಯೂ ಸಿಗುತ್ತದೆ, ನೀರಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಬೋಟು, ಜೆಟ್‌ಸ್ಕೀ ಓಡಾಡುವ ಜಾಗದಲ್ಲಂತೂ ಬೇಡ. ಕೇಸರಿ ಬಣ್ಣದ ತೇಲುಬುರುಡೆ ಎಳೆದುಕೊಂಡು ಹೋದರೆ ಬೋಟಿನವರಿಗೆ ಕಾಣುತ್ತೀರಿ, ಆದರೆ ಅದರ ಹಗ್ಗ ಸೊಂಟದ ಹಿಂಬದಿಗೆ ಇರಲಿ. ಆಮೆ ಕಂಡರೆ ಮೋಟಾರ್ ನಿಲ್ಲಿಸಿ, ಬೆನ್ನಟ್ಟಬೇಡಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಉಸಿರಿಗಾಗಿ ಅದೂ ಮೇಲೆ ಬರಬೇಕು, ಓಡಿಸಿ ಓಡಿಸಿ ಸುಸ್ತುಮಾಡಿದರೆ ಪಾಪ ಅದಕ್ಕೆ ಕಷ್ಟ.

ಬ್ಯಾಟರಿ_ಬಸು_ಹುಬ್ಬಳ್ಳಿ

ಕಡಲತಡಿ ಅಣ್ಣ ನೀರಿನದು ಹೇಳಿದ್ದಾರೆ, ನಾನು ಬ್ಯಾಟರಿಯದು ಹೇಳ್ತೇನೆ. ಇ-ಬೈಕ್ ಬ್ಯಾಟರಿ ರಿಪೇರಿ ನನ್ನ ಕೆಲಸ, ಇದೂ ಅದೇ ಲಿಥಿಯಂ.

ಬ್ಯಾಟರಿ ಮುಚ್ಚಳದ ಸುತ್ತ ಒಂದು ರಬ್ಬರ್ ಉಂಗುರ ಇರುತ್ತದೆ, ಓ-ರಿಂಗ್. ನೀರು ತಡೆಯುವುದು ಅದೊಂದೇ. ಪ್ರತಿ ಸಲ ಮುಚ್ಚುವ ಮುಂಚೆ ಬೆಳಕಿಗೆ ಹಿಡಿದು, ಒಣಗಿದ ಬೆರಳಿನಿಂದ ಸುತ್ತಲೂ ಸವರಿ ನೋಡಿ. ಒಂದು ಮರಳಿನ ಕಣ, ಒಂದು ಕೂದಲು ಅಡ್ಡ ಕೂತರೂ ಆ ಸಂದಿನಲ್ಲಿ ನೀರು ನುಗ್ಗುತ್ತದೆ. ಸಿಲಿಕೋನ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ ಹಚ್ಚಿ. ಜಾಸ್ತಿ ಮೆತ್ತಿದರೆ ಅದೇ ಮರಳನ್ನು ಹಿಡಿಯುತ್ತದೆ. ಬೀಚಿನ ಮೇಲೆ ಮುಚ್ಚಳ ತೆರೆಯಬೇಡಿ, ರೂಮಿನಲ್ಲೇ ಮುಚ್ಚಿಕೊಂಡು ಹೋಗಿ.

ಒಳಗೆ ಉಪ್ಪುನೀರು ಹೋಗಿದೆ ಅನ್ನುವ ಅನುಮಾನ ಬಂದರೂ ಚಾರ್ಜ್‌ಗೆ ಹಾಕಬೇಡಿ. ಒರೆಸಿ ಒಣಗಿಸಿದರೂ ಬೇಡ. ಮನೆ, ಕಾರಿನಿಂದ ದೂರ, ಬಯಲಲ್ಲಿಟ್ಟು ಸರ್ವಿಸ್‌ನವರಿಗೆ ಫೋನ್ ಮಾಡಿ. ಓಡಿಸಿದ ಕೂಡಲೇ ಬಿಸಿ ಇರುವಾಗ ಚಾರ್ಜ್ ಬೇಡ, ಹಾಸಿಗೆಯ ಮೇಲೆ ಬೇಡ, ರಾತ್ರಿ ಮಲಗಿದ ಮೇಲೆ ಬೇಡ. ಮುರುಡೇಶ್ವರದ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟು ದೇವಸ್ಥಾನಕ್ಕೆ ಹೋಗಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ.

ನಿಮ್ಮ ಭಾವ ವಾಪಸ್ ಒಯ್ಯುವುದಾದರೆ 122 ವಾಟ್-ಅವರ್‌ಗೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು. 100ರ ಒಳಗಿದ್ದರೆ ಒಪ್ಪಿಗೆ ಬೇಡ, 160 ದಾಟಿದರೆ ಪ್ರಯಾಣಿಕರ ಜೊತೆ ಬಿಡುವುದೇ ಇಲ್ಲ. ಬಿಚ್ಚಿದ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಹಚ್ಚಿ.

ಸುಧಾ_ಮೈಸೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ, ನೇತ್ರಾಣಿಗೆ ಸ್ಕೂಟರ್ ಬೇಡ ಅಂತ ಒಪ್ಪಿದರು. ಈಗ ಹೊಸದೊಂದು ಶುರುವಾಗಿದೆ. ಹೋಗುವ ಮುಂಚೆ ಪಿರಿಯಾಪಟ್ಟಣದ ಹತ್ತಿರ ನಮ್ಮ ಊರಿನ ಕೆರೆಯಲ್ಲಿ ಪ್ರಾಕ್ಟೀಸ್ ಮಾಡೋಣ, ಅಲೆಯೇ ಇಲ್ಲ ಅಂತಾರೆ. ಅದು ಸಮುದ್ರಕ್ಕಿಂತ ಸೇಫ್ ಅಲ್ವಾ?

ಕಡಲತಡಿ_ಭಟ್ಕಳ

ಇಲ್ಲ ಮೇಡಂ, ಕೆರೆ ಬೇಡ. ಕೆರೆ ನೀರಲ್ಲಿ ಚಾಚಿದ ಕೈ ಕೂಡ ಕಾಣುವುದಿಲ್ಲ. ಕೆಳಗೆ ಹೂಳು, ಮುಳುಗಿದ ಜಾಲಿಮರ, ಹಳೇ ಬೇಲಿಯ ಮುಳ್ಳುತಂತಿ, ಮೀನು ಸಾಕುವವರ ಬಲೆ, ಏನು ಬೇಕಾದರೂ ಇರಬಹುದು. ಜೊಂಡು, ಅಂತರಗಂಗೆಯ ಬೇರು ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ತೂಬು ತೆರೆದಿದ್ದರೆ ಅದರ ಬಾಯಲ್ಲಿ ನೀರು ಎಳೆಯುವ ಬಲಕ್ಕೆ ಈ ಸ್ಕೂಟರ್ ಏನೂ ಅಲ್ಲ.

ಮೈಸೂರಿನಲ್ಲೇ ಒಂದು ಈಜುಕೊಳದವರನ್ನು ಕೇಳಿ, ಜನ ಇಲ್ಲದ ಹೊತ್ತಿನಲ್ಲಿ ಬಿಡುತ್ತಾರಾ ನೋಡಿ. ಎದೆಮಟ್ಟದ ನೀರಲ್ಲಿ ನಿಂತು ಶುರುಮಾಡುವುದು, ಬಿಡುವುದು, ಕೈಯ ಹಗ್ಗ ಬಿಚ್ಚುವುದು, ಇಷ್ಟನ್ನು ಕಣ್ಣು ಮುಚ್ಚಿಕೊಂಡೂ ಮಾಡುವಷ್ಟು ರೂಢಿ ಮಾಡಿ. ಆಮೇಲೆ ಪವರ್ ಆಫ್ ಮಾಡಿ, ಸತ್ತ ಸ್ಕೂಟರ್ ಹಿಡಿದುಕೊಂಡು ಕೊಳದ ಆ ತುದಿಯಿಂದ ಈ ತುದಿಗೆ ಎಲ್ಲರೂ ಈಜಿ ನೋಡಿ. ಯಾರಿಗೆ ಆಗುವುದಿಲ್ಲವೋ ಅವರು ಸಮುದ್ರದಲ್ಲಿ ಹಿಡಿಯುವುದು ಬೇಡ. ಕೈಬಿಟ್ಟಾಗ ತೇಲುತ್ತದಾ ಮುಳುಗುತ್ತದಾ ಅಂತಲೂ ನೋಡಿಕೊಳ್ಳಿ. ಉಪ್ಪುನೀರು ಸ್ವಲ್ಪ ಜಾಸ್ತಿ ಎತ್ತುತ್ತದೆ, ಹಾಗಾಗಿ ಇಲ್ಲಿಗೆ ಬಂದ ಮೇಲೆ ಸೊಂಟಮಟ್ಟದ ನೀರಲ್ಲಿ ಇನ್ನೊಮ್ಮೆ ನೋಡಬೇಕು.

ಮ್ಯಾನುಯಲ್‌ನಲ್ಲಿ ಎಷ್ಟು ವಯಸ್ಸಿನ ಮೇಲಿನವರು ಬಳಸಬಹುದು ಅಂತ ಬರೆದಿರುತ್ತದೆ. ಅದನ್ನು ಓದಿ ಇಲ್ಲೇ ಹಾಕಿ, ಮಗನ ಬಗ್ಗೆ ಆಮೇಲೆ ಮಾತಾಡೋಣ.